ಇನ್‌ಕಾಗ್ನಿಟೋದಲ್ಲಿ ಹುಡುಕಿದರೂ ಜಾಹೀರಾತು ಬೆನ್ನು ಬಿಡುತ್ತಿಲ್ಲ, ಯಾವ ಬ್ರೌಸರ್ ಹಾಕಿಕೊಳ್ಳಲಿ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್. ಹೋದ ತಿಂಗಳು ಅಮ್ಮನಿಗೆ ಶುಗರ್ ಇದೆ ಅಂತ ಗೊತ್ತಾಯಿತು. ಮನೆಯಲ್ಲೇ ಶುಗರ್ ನೋಡುವ ಮಷೀನ್ ಬಗ್ಗೆ ಲ್ಯಾಪ್‌ಟಾಪ್‌ನಲ್ಲಿ ಹುಡುಕಿದೆ. ಯಾರಿಗೂ ಗೊತ್ತಾಗದಿರಲಿ ಅಂತ ಇನ್‌ಕಾಗ್ನಿಟೋದಲ್ಲೇ ಹುಡುಕಿದ್ದು. ಒಂದು ಸೈಟಿನಲ್ಲಿ ಲಾಗಿನ್ ಆಗಿ ಮಷೀನ್ ತರಿಸಿದ್ದೂ ಆಯಿತು. ಮಾರನೇ ದಿನದಿಂದ ನನ್ನ ಫೋನಿನಲ್ಲಿ, ಯಜಮಾನರ ಫೋನಿನಲ್ಲಿ ಬರೀ ಶುಗರ್ ಪುಡಿ, ಶುಗರ್ ಕಷಾಯ, ಶುಗರ್ ಆಸ್ಪತ್ರೆಯ ಜಾಹೀರಾತು. ಕ್ಲಾಸಿನಲ್ಲಿ ಪ್ರೊಜೆಕ್ಟರ್‌ಗೆ ಲ್ಯಾಪ್‌ಟಾಪ್ ಹಾಕಿದರೆ ಅಲ್ಲೂ ಅದೇ. "ಮಿಸ್, ನಿಮಗೆ ಶುಗರ್ರಾ?" ಅಂತ ಮಕ್ಕಳು ಕೇಳಿದರು. ಸ್ಟಾಫ್ ರೂಮಿನಲ್ಲಿ ಒಬ್ಬರು ಬ್ರೇವ್ ಹಾಕಿ ಅನ್ನುತ್ತಾರೆ, ನನ್ನ ತಮ್ಮ ಫೈರ್‌ಫಾಕ್ಸ್ ಅನ್ನುತ್ತಾನೆ, ಇನ್ನೊಬ್ಬರು ಟಾರ್ ಅನ್ನುತ್ತಾರೆ. "ಮುಚ್ಚಿಡೋಕೆ ಏನಿದೆ?" ಅನ್ನುವವರೂ ಇದ್ದಾರೆ. ಲ್ಯಾಪ್‌ಟಾಪ್ ವಿಂಡೋಸ್, ನನ್ನ ಫೋನ್ ಆಂಡ್ರಾಯ್ಡ್, ಯಜಮಾನರದು ಐಫೋನ್. ಬ್ಯಾಂಕ್, ಸರ್ಕಾರಿ ಸೈಟ್ ಎಲ್ಲ ನಡೆಯಬೇಕು. ಯಾವುದು ಒಳ್ಳೆಯದು?

ಉತ್ತರ: ಮೊದಲು ಹೆಸರು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಲ್ಯಾಪ್‌ಟಾಪಿಗೆ ಫೈರ್‌ಫಾಕ್ಸ್, ಅದರೊಳಗೆ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಎಂಬ ಒಂದೇ ಒಂದು ಎಕ್ಸ್‌ಟೆನ್ಷನ್, ಅಂದರೆ ಬ್ರೌಸರ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಂ. ನಿಮ್ಮ ಆಂಡ್ರಾಯ್ಡ್ ಫೋನಿಗೆ ಬ್ರೇವ್. ಯಜಮಾನರ ಐಫೋನಿಗೆ ಈಗಿರುವ ಸಫಾರಿಯೇ ಸಾಕು, ಒಂದೆರಡು ಸೆಟ್ಟಿಂಗ್ ಬದಲಿಸಿದರೆ ಆಯಿತು. ಬ್ಯಾಂಕು, ಸರ್ಕಾರಿ ಸೈಟು, ಶಾಲೆಯ ಕೆಲಸಕ್ಕೆ ಈಗಿರುವ ಕ್ರೋಮ್ ಹಾಗೇ ಇರಲಿ, ತೆಗೆಯಬೇಡಿ. ನಿಮ್ಮ ಈ ತೊಂದರೆಗೆ ಟಾರ್ ಬೇಕಿಲ್ಲ.

ಆದರೆ ಇಷ್ಟೇ ಓದಿ ಹೊಸ ಬ್ರೌಸರ್ ಹಾಕಿಕೊಂಡರೆ ಅದೇ ಶುಗರ್ ಜಾಹೀರಾತು ಇನ್ನೊಂದು ತಿಂಗಳಲ್ಲಿ ಮತ್ತೆ ಬಂದೀತು. ಯಾಕೆಂದರೆ ಗುಟ್ಟು ಬಿಟ್ಟುಕೊಟ್ಟಿದ್ದು ಬರೀ ಬ್ರೌಸರ್ ಅಲ್ಲ. ನಡೆದದ್ದೇನು ಅಂತ ಮೊದಲು ನೋಡೋಣ.

ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟರೆ ಒಂದು ಟೋಕನ್ ಕೊಡುತ್ತಾರೆ, ಅಲ್ವಾ? ವಾಪಸ್ ಬಂದಾಗ ಅದನ್ನು ತೋರಿಸಿದರೆ ನಿಮ್ಮ ಚಪ್ಪಲಿ ನಿಮಗೆ ಸಿಗುತ್ತದೆ. ಬ್ರೌಸರ್‌ನ ಕುಕಿ ಅಂದರೆ ಅಂಥದ್ದೇ ಟೋಕನ್. ಒಂದು ಸೈಟ್ ನಿಮ್ಮ ಬ್ರೌಸರ್ ಕೈಯಲ್ಲಿ ಒಂದು ನಂಬರ್ ಇಡುತ್ತದೆ. ಮುಂದಿನ ಪುಟಕ್ಕೆ ಹೋದಾಗ ಆ ನಂಬರ್ ನೋಡಿ "ಓ, ಇವರೇ" ಅಂತ ಗುರುತು ಹಿಡಿಯುತ್ತದೆ. ಅದಿಲ್ಲದೆ ಲಾಗಿನ್ ಆಗಿರುವುದಕ್ಕೇ ಆಗುವುದಿಲ್ಲ. ಇದರಲ್ಲಿ ತಪ್ಪೇನಿಲ್ಲ.

ಈಗ ಹೀಗೆ ಯೋಚಿಸಿ. ಧರ್ಮಸ್ಥಳ, ಉಡುಪಿ, ಹೊರನಾಡು, ಶೃಂಗೇರಿ, ಎಲ್ಲ ಕಡೆ ಚಪ್ಪಲಿ ಸ್ಟ್ಯಾಂಡ್ ಗುತ್ತಿಗೆ ಒಬ್ಬನೇ ಹಿಡಿದಿದ್ದಾನೆ. ಎಲ್ಲ ಕಡೆ ಒಂದೇ ಟೋಕನ್ ಕೇಳುತ್ತಾನೆ. ನೀವು ಯಾವ ದಿನ ಯಾವ ಊರಿಗೆ ಹೋದಿರಿ, ಎಷ್ಟು ಹೊತ್ತು ನಿಂತಿರಿ, ಎಲ್ಲ ಒಂದೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಥರ್ಡ್ ಪಾರ್ಟಿ ಕುಕಿ ಮಾಡುವ ಕೆಲಸ ಇದು. ಸುದ್ದಿ ಸೈಟು, ಅಡುಗೆ ಸೈಟು, ಔಷಧಿ ಅಂಗಡಿ ಸೈಟು ಎಲ್ಲ ಬೇರೆ ಬೇರೆಯವರದ್ದು. ಆದರೆ ಅಷ್ಟರ ಒಳಗೂ ಕೂತಿರುವ ಜಾಹೀರಾತು ಕಂಪನಿ ಒಂದೇ.

ಸಫಾರಿ ಈ ಗುತ್ತಿಗೆದಾರನ ಟೋಕನ್ನನ್ನು 2020ರ ಮಾರ್ಚ್‌ನಲ್ಲಿ ಪೂರ್ತಿ ನಿಲ್ಲಿಸಿತು. ಫೈರ್‌ಫಾಕ್ಸ್ 2022ರ ಜೂನ್‌ನಿಂದ ಎಲ್ಲರಿಗೂ ಬೇರೆ ದಾರಿ ಮಾಡಿಕೊಟ್ಟಿತು: ಪ್ರತಿ ಸೈಟಿಗೂ ಬೇರೆ ಬೇರೆ ಡಬ್ಬಿ. ಶೃಂಗೇರಿಯಲ್ಲಿ ಕೊಟ್ಟ ಟೋಕನ್ ಶೃಂಗೇರಿಯ ಡಬ್ಬಿಯಲ್ಲೇ ಉಳಿಯುತ್ತದೆ, ಉಡುಪಿಗೆ ಹೋದರೆ ಅದು ಕೈಯಲ್ಲಿ ಇರುವುದೇ ಇಲ್ಲ. ಗೂಗಲ್ ಕೂಡ 2020ರ ಜನವರಿಯಲ್ಲಿ, ಎರಡು ವರ್ಷದೊಳಗೆ ಕ್ರೋಮ್‌ನಿಂದ ಈ ಕುಕಿ ತೆಗೆಯುತ್ತೇವೆ ಎಂದಿತ್ತು. ಮುಂದೂಡಿತು, ಮತ್ತೆ ಮುಂದೂಡಿತು, 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಕ್ರೋಮ್ ಮಾಡುವ ಕಂಪನಿಗೆ ಜಾಹೀರಾತೇ ಅನ್ನ. ಕೆಲಸದಲ್ಲಿ ಕ್ರೋಮ್ ಚೆನ್ನಾಗಿದೆ, ಸುರಕ್ಷತೆಯ ಅಪ್‌ಡೇಟ್ ಬೇಗ ಕೊಡುತ್ತಾರೆ, ಅದನ್ನು ಒಪ್ಪುತ್ತೇನೆ. ಆದರೆ ಖಾಸಗಿತನದ ಮಾತು ಬಂದಾಗ ಅದರ ಮಾಲೀಕರ ಹಿತವೂ ನಿಮ್ಮ ಹಿತವೂ ಒಂದೇ ಅಲ್ಲ.

ಸರಿ, ಇನ್‌ಕಾಗ್ನಿಟೋದಲ್ಲಿ ಹುಡುಕಿದರೂ ಹೀಗೇಕಾಯಿತು? ಇನ್‌ಕಾಗ್ನಿಟೋ ಮುಖ್ಯವಾಗಿ ಮಾಡುವುದು ಒಂದೇ ಕೆಲಸ. ಕಿಟಕಿ ಮುಚ್ಚಿದ ಮೇಲೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಗುರುತು ಉಳಿಸುವುದಿಲ್ಲ. ಮನೆಯಲ್ಲಿ ಇನ್ನೊಬ್ಬರು ಹಿಸ್ಟರಿ ನೋಡಿದರೆ ಏನೂ ಕಾಣುವುದಿಲ್ಲ, ಅಷ್ಟೇ. ಆ ಕಡೆಯ ಸೈಟಿಗೆ ನೀವು ಬಂದಿದ್ದು ಗೊತ್ತೇ ಆಗುತ್ತದೆ. ಈ ವಿಷಯಕ್ಕೆ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ಕೇಸ್ ಆಗಿತ್ತು. 2024ರಲ್ಲಿ ರಾಜಿಯಾಗಿ, ಇನ್‌ಕಾಗ್ನಿಟೋದಲ್ಲಿದ್ದವರಿಂದ ಸೇರಿದ ಕೋಟಿಗಟ್ಟಲೆ ದಾಖಲೆ ಅಳಿಸಲು, ಆ ಕಿಟಕಿಯಲ್ಲಿ ಬರುವ ಎಚ್ಚರಿಕೆಯ ಮಾತನ್ನು ಬದಲಿಸಲು ಕಂಪನಿ ಒಪ್ಪಿಕೊಂಡಿತು.

ನಿಮ್ಮ ವಿಷಯದಲ್ಲಿ ಇನ್ನೂ ದೊಡ್ಡ ಕಾರಣ ನಿಮ್ಮ ಪತ್ರದಲ್ಲೇ ಇದೆ. ನೀವು ಲಾಗಿನ್ ಆಗಿ ಮಷೀನ್ ತರಿಸಿದಿರಿ. ಹೆಸರು, ಮೊಬೈಲ್ ನಂಬರ್, ಮನೆ ವಿಳಾಸ ಕೊಟ್ಟಿರಿ. ಅಂಗಡಿ ಸೈಟುಗಳು ತಮ್ಮ ಗಿರಾಕಿಗಳ ಇಮೇಲ್, ಫೋನ್ ನಂಬರಿನ ಪಟ್ಟಿಯನ್ನು ಸಂಕೇತ ರೂಪಕ್ಕೆ ತಿರುಗಿಸಿ ಗೂಗಲ್, ಫೇಸ್‌ಬುಕ್ ನಡೆಸುವ ಮೆಟಾದಂಥ ಕಡೆ ಕೊಟ್ಟು "ಇವರಿಗೆ ಜಾಹೀರಾತು ತೋರಿಸಿ" ಅನ್ನುವ ವ್ಯವಸ್ಥೆ ಇದೆ. ಅದೇ ನಂಬರ್ ನಿಮ್ಮ ಫೋನಿನ ಅಕೌಂಟಿನಲ್ಲೂ ಇದೆ. ಆದ್ದರಿಂದ ಲ್ಯಾಪ್‌ಟಾಪ್‌ನಲ್ಲಿ ಆದದ್ದು ಫೋನಿಗೆ ಬರಬಹುದು. ಯಜಮಾನರ ಫೋನಿಗೆ ಬಂದಿದ್ದಕ್ಕೆ ಮನೆಯ ವೈಫೈ ಕಾರಣ ಇರಬಹುದು. ಹೊರಗಿನಿಂದ ನೋಡುವವರಿಗೆ ಮನೆಯ ಎಲ್ಲ ಫೋನು, ಲ್ಯಾಪ್‌ಟಾಪು ಸಾಮಾನ್ಯವಾಗಿ ಒಂದೇ ಐಪಿ ವಿಳಾಸದಿಂದ, ಅಂದರೆ ಇಂಟರ್ನೆಟ್ ಸಂಪರ್ಕದ ಒಂದೇ ನಂಬರಿನಿಂದ, ಬಂದ ಹಾಗೆ ಕಾಣುತ್ತವೆ. ಲಾಗಿನ್ ಆಗಿ ಮಾಡಿದ ಕೆಲಸವನ್ನು ಯಾವ ಬ್ರೌಸರ್ರೂ ಮುಚ್ಚಿಡಲಾರದು. ಇದೊಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಯಾಕೆಂದರೆ ನಾನು ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಹಾಗಾಗಿ "ಯಾವ ಬ್ರೌಸರ್?" ಅನ್ನುವುದಕ್ಕಿಂತ "ಎಷ್ಟು ಬ್ರೌಸರ್?" ಅಂತ ಕೇಳುವುದು ಮೇಲು. ನನ್ನ ಉತ್ತರ ಎರಡು. ಒಂದು, ಹೆಸರು ಹೇಳಿ ಮಾಡುವ ಕೆಲಸಕ್ಕೆ: ಬ್ಯಾಂಕು, ಶಾಲೆಯ ಇಮೇಲು, ಪಹಣಿ, ಟ್ಯಾಕ್ಸು, ಆನ್‌ಲೈನ್ ಅಂಗಡಿ. ಇಲ್ಲಿ ನೀವು ಯಾರು ಅಂತ ಅವರಿಗೆ ಗೊತ್ತಾಗಲೇಬೇಕು, ಮುಚ್ಚಿಡಲು ಏನೂ ಇಲ್ಲ. ಇದಕ್ಕೆ ಕ್ರೋಮ್ ಸಾಕು. ಇನ್ನೊಂದು, ಓಡಾಡುವುದಕ್ಕೆ: ಸುದ್ದಿ, ಅಡುಗೆ, ಕಾಯಿಲೆ, ಔಷಧಿ, ಮಕ್ಕಳ ಓದು, ಸುಮ್ನೆ ಕುತೂಹಲಕ್ಕೆ ಹುಡುಕುವುದು. ಇದಕ್ಕೆ ಫೈರ್‌ಫಾಕ್ಸ್ ಅಥವಾ ಬ್ರೇವ್. ಇಲ್ಲಿ ಎಲ್ಲೂ ಲಾಗಿನ್ ಆಗಬೇಡಿ, ಜಿಮೇಲ್‌ಗಂತೂ ಬೇಡವೇ ಬೇಡ. ಶುಗರ್ ಮಷೀನ್ ಯಾವುದು ಒಳ್ಳೆಯದು ಅಂತ ಎಲ್ಲ ಓದುವುದು ಓಡಾಟದ ಬ್ರೌಸರ್‌ನಲ್ಲಿ. ತೀರ್ಮಾನ ಆದ ಮೇಲೆ ಕ್ರೋಮ್ ತೆರೆದು, ಆ ಒಂದನ್ನೇ ತರಿಸಿ, ಮುಚ್ಚಿಬಿಡಿ. ಆಗ ಅಂಗಡಿಗೆ ಗೊತ್ತಾಗುವುದು ನೀವು ತರಿಸಿದ ವಸ್ತು ಮಾತ್ರ. ಅದಕ್ಕೆ ಮೊದಲು ಹತ್ತು ದಿನ ನೀವು ಏನೇನು ಓದಿ ಆತಂಕಪಟ್ಟಿರಿ ಅನ್ನುವುದು ಗೊತ್ತಾಗುವುದಿಲ್ಲ. ಮುಚ್ಚಿಡಬೇಕಾದದ್ದು ಆ ಆತಂಕವನ್ನೇ ಅಲ್ವಾ?

ಈ ಎರಡು ಬ್ರೌಸರ್ ಅಭ್ಯಾಸದಿಂದ ನಿಮ್ಮ ಇನ್ನೊಂದು ಚಿಂತೆಯೂ ತೀರುತ್ತದೆ. ಕೆಲವು ಸರ್ಕಾರಿ ಪೋರ್ಟಲ್‌ಗಳು, ಡಿಜಿಟಲ್ ಸಹಿ ಕೇಳುವ ಸೈಟುಗಳು ಕ್ರೋಮ್ ಬಿಟ್ಟು ಬೇರೆಯದರಲ್ಲಿ ಮುಗ್ಗರಿಸುತ್ತವೆ. ಹೋದ ವರ್ಷ ಒಂದು ಪೋರ್ಟಲ್‌ನಲ್ಲಿ ಅರ್ಜಿ ತುಂಬುತ್ತಿದ್ದೆ. ಓಟಿಪಿ ಹಾಕುವ ಚೌಕವೇ ಬರಲಿಲ್ಲ. ಮೂರು ಸಲ ತುಂಬಿದ ಮೇಲೆ ಗೊತ್ತಾಯಿತು, ನನ್ನ ಬ್ರೌಸರ್‌ನ ತಡೆ ಜಾಸ್ತಿಯಾಗಿ ಆ ಚೌಕವನ್ನೇ ನುಂಗಿತ್ತು. ಕ್ರೋಮ್‌ನಲ್ಲಿ ತೆರೆದರೆ ಎರಡು ನಿಮಿಷದ ಕೆಲಸ. ಅವತ್ತಿನಿಂದ ಅರ್ಜಿಯ ಕೆಲಸಕ್ಕೆ ಬೇರೆ ಬ್ರೌಸರ್ ಅಂತ ಇಟ್ಟುಕೊಂಡೆ.

ಈಗ ಫೈರ್‌ಫಾಕ್ಸ್ ಯಾಕೆ ಅನ್ನುವುದಕ್ಕೆ ಬರೋಣ. ಇವತ್ತು ಕ್ರೋಮ್, ಎಡ್ಜ್, ಬ್ರೇವ್, ಒಪೇರಾ, ವಿವಾಲ್ಡಿ ಎಲ್ಲವೂ ಗೂಗಲ್‌ನ ಕ್ರೋಮಿಯಂ ಎಂಬ ಒಂದೇ ಎಂಜಿನ್ ಮೇಲೆ ಓಡುತ್ತವೆ. ಹೊರಗಿನ ಬಾಡಿ ಬೇರೆ, ಒಳಗಿನ ಎಂಜಿನ್ ಒಂದೇ. ವಿಂಡೋಸ್‌ನಲ್ಲಿ ನಡೆಯುವ, ಬೇರೆ ಎಂಜಿನ್ ಇರುವ ದೊಡ್ಡ ಬ್ರೌಸರ್ ಅಂದರೆ ಫೈರ್‌ಫಾಕ್ಸ್. ಎಂಜಿನ್ ಯಾರ ಕೈಯಲ್ಲಿದೆಯೋ ನಿಯಮ ಅವರದ್ದು. ಇದರ ಪರಿಣಾಮ 2025ರಲ್ಲಿ ಕಣ್ಣಿಗೆ ಕಂಡಿತು. ಎಕ್ಸ್‌ಟೆನ್ಷನ್‌ಗಳಿಗೆ ಕ್ರೋಮ್ ಹೊಸ ನಿಯಮ ತಂದು ಹಳೆಯದನ್ನು ನಿಲ್ಲಿಸಿತು. ಲಕ್ಷಾಂತರ ಜನ ಬಳಸುತ್ತಿದ್ದ ಯುಬ್ಲಾಕ್ ಆರಿಜಿನ್ ಕ್ರೋಮ್‌ನಲ್ಲಿ ನಿಂತುಹೋಯಿತು. ಲೈಟ್ ಅನ್ನುವ ಸಣ್ಣ ಆವೃತ್ತಿ ಸಿಗುತ್ತದೆ, ಆದರೆ ಅದರ ಕೈ ಕಟ್ಟಿದೆ. ಫೈರ್‌ಫಾಕ್ಸ್‌ನಲ್ಲಿ ಪೂರ್ತಿ ಯುಬ್ಲಾಕ್ ಆರಿಜಿನ್ ಇನ್ನೂ ನಡೆಯುತ್ತದೆ. ರೇಮಂಡ್ ಹಿಲ್ ಎಂಬವರು ಮಾಡಿದ್ದು, ದುಡ್ಡು ಕೇಳುವುದಿಲ್ಲ, ದೇಣಿಗೆಯನ್ನೂ ತೆಗೆದುಕೊಳ್ಳುವುದಿಲ್ಲ. ಹಾಕುವಾಗ ಹೆಸರು ಪೂರ್ತಿ ಓದಿ, "ಆರಿಜಿನ್" ಇರಲೇಬೇಕು. ಅದಿಲ್ಲದ "ಯುಬ್ಲಾಕ್" ಬೇರೆಯವರದ್ದು.

ಫೈರ್‌ಫಾಕ್ಸ್ ಬಗ್ಗೆ ಬೇಸರದ ಸಂಗತಿಯನ್ನೂ ಹೇಳಬೇಕು. ಅದನ್ನು ನಡೆಸುವ ಮೊಜಿಲ್ಲಾದ ಆದಾಯದ ಬಹುಪಾಲು ಬರುವುದು ಗೂಗಲ್‌ನಿಂದಲೇ. ಫೈರ್‌ಫಾಕ್ಸ್‌ನಲ್ಲಿ ಗೂಗಲ್ ಹುಡುಕಾಟವನ್ನು ಮೊದಲೇ ಇಟ್ಟುಕೊಡುವುದಕ್ಕೆ ಆ ದುಡ್ಡು. 2025ರ ಫೆಬ್ರವರಿಯಲ್ಲಿ ಬಳಕೆಯ ಹೊಸ ಷರತ್ತು ತಂದಾಗ "ನಿಮ್ಮ ಮಾಹಿತಿ ಮಾರುವುದಿಲ್ಲ" ಎಂಬ ಹಳೆಯ ಮಾತನ್ನು ತೆಗೆದರು. ಜನ ಸಿಟ್ಟಾದರು, ಆಮೇಲೆ ಮೊಜಿಲ್ಲಾದವರು ಷರತ್ತಿನ ಭಾಷೆಯನ್ನು ತಿದ್ದಿದರು. ನನಗೂ ಆಗ ನೋವಾಗಿತ್ತು. ಹಾಗಿದ್ದರೂ ಲ್ಯಾಪ್‌ಟಾಪಿಗೆ ನಾನು ಹೇಳುವುದು ಫೈರ್‌ಫಾಕ್ಸನ್ನೇ. ಅದರ ಕೋಡ್ ಯಾರು ಬೇಕಾದರೂ ಓದಬಹುದು, ಬೇಡದ್ದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು. ಕನ್ನಡದವರಿಗೆ ಇನ್ನೊಂದು ಕಾರಣ: ಅದರ ಮೆನುಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ. ಇಂಗ್ಲಿಷ್ ಕಷ್ಟ ಅನ್ನುವ ಹಿರಿಯರಿಗೆ ಹಾಕಿಕೊಡಬಹುದು.

ಹಾಕಿದ ಮೇಲೆ ಮಾಡಬೇಕಾದ್ದು ಕಡಿಮೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿಗೆ ಹೋಗಿ ಟ್ರ್ಯಾಕಿಂಗ್ ತಡೆಯನ್ನು ಸ್ಟ್ಯಾಂಡರ್ಡ್‌ನಿಂದ ಸ್ಟ್ರಿಕ್ಟ್‌ಗೆ ಬದಲಿಸಿ. ಅಲ್ಲೇ ಕೆಳಗೆ ಮೊಜಿಲ್ಲಾಗೆ ಮಾಹಿತಿ ಕಳಿಸುವ ಟಿಕ್‌ಗಳಿವೆ, ತೆಗೆಯಿರಿ. ಸೈಟುಗಳನ್ನು ಸುರಕ್ಷಿತ ಸಂಪರ್ಕದಲ್ಲೇ ತೆರೆಯುವ ಎಚ್‌ಟಿಟಿಪಿಎಸ್-ಓನ್ಲಿ ಅನ್ನುವುದನ್ನು ಆನ್ ಮಾಡಿ. ಸರ್ಚ್‌ನಲ್ಲಿ ಗೂಗಲ್ ಬದಲು ಡಕ್‌ಡಕ್‌ಗೋ ಇಡಿ. ಕನ್ನಡದಲ್ಲಿ ಹುಡುಕಿದಾಗ ಅದರಲ್ಲಿ ಕೆಲವೊಮ್ಮೆ ಸರಿಯಾದದ್ದು ಸಿಗುವುದಿಲ್ಲ. ಆಗ ಹುಡುಕುವ ಮಾತಿನ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ, ಅದಕ್ಕೆ ಅಂಟಿಸಿ ಇಂಗ್ಲಿಷಿನ ಜಿ ಅಕ್ಷರ ಹೊಡೆದರೆ ಅದೇ ಹುಡುಕಾಟ ಗೂಗಲ್‌ಗೆ ಹೋಗುತ್ತದೆ. ಇಷ್ಟೇ. ಇನ್ನೂ ಹತ್ತು ಎಕ್ಸ್‌ಟೆನ್ಷನ್ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಎಕ್ಸ್‌ಟೆನ್ಷನ್ ನಿಮ್ಮ ಪುಟ ಪೂರ್ತಿ ಓದಬಲ್ಲದು. ಇವತ್ತು ಒಳ್ಳೆಯವರ ಕೈಯಲ್ಲಿದ್ದದ್ದು ನಾಳೆ ಮಾರಾಟವಾಗಬಹುದು. ದಿ ಗ್ರೇಟ್ ಸಸ್ಪೆಂಡರ್ ಎಂಬುದು ತುಂಬಾ ಜನ ನಂಬಿದ್ದ ಎಕ್ಸ್‌ಟೆನ್ಷನ್. ಅದರ ಮಾಲೀಕರು ಬದಲಾದರು. 2021ರಲ್ಲಿ ಗೂಗಲ್ ಅದನ್ನು ಅಪಾಯಕಾರಿ ಎಂದು ತೆಗೆದುಹಾಕಿತು.

ಜಾಸ್ತಿ ಎಕ್ಸ್‌ಟೆನ್ಷನ್ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದು ನೇರವಾಗಿ ಸಂಬಂಧಪಟ್ಟದ್ದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟೋಕನ್ ಕೊಡದಿದ್ದರೂ ಚಪ್ಪಲಿ ನೋಡಿಯೇ ಗುರುತು ಹಿಡಿಯುವ ಚುರುಕು ಆಸಾಮಿ ಇರುತ್ತಾನೆ: "ಎಡಗಾಲಿನ ಹಿಮ್ಮಡಿ ಸವೆದಿದೆ, ಉಂಗುಷ್ಠಕ್ಕೆ ನೀಲಿ ದಾರ ಹೊಲಿಸಿದ್ದಾರೆ, ಇವರು ಅವರೇ." ಬ್ರೌಸರ್‌ನಲ್ಲಿ ಇದಕ್ಕೆ ಫಿಂಗರ್‌ಪ್ರಿಂಟಿಂಗ್ ಅನ್ನುತ್ತಾರೆ. ಸ್ಕ್ರೀನ್ ಅಳತೆ, ಟೈಮ್ ಝೋನ್, ಗ್ರಾಫಿಕ್ಸ್ ಕಾರ್ಡ್, ಭಾಷೆ, ಹಾಕಿರುವ ಫಾಂಟ್, ಇವನ್ನೆಲ್ಲ ಕೂಡಿಸಿದರೆ ಅದೇ ನಿಮ್ಮ ಗುರುತಾಗುತ್ತದೆ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಸುಮಾರು 4.7 ಲಕ್ಷ ಬ್ರೌಸರ್‌ಗಳನ್ನು ಪರೀಕ್ಷಿಸಿತು. ಅದರಲ್ಲಿ 83.6 ಶೇಕಡಾ ಬ್ರೌಸರ್‌ಗಳಿಗೆ ಅದೇ ಗುರುತಿನ ಇನ್ನೊಂದು ಜೋಡಿ ಇರಲಿಲ್ಲ.

ಅದೇ ಸಂಸ್ಥೆಯ ಕವರ್ ಯುವರ್ ಟ್ರ್ಯಾಕ್ಸ್ ಎಂಬ ಪುಟದಲ್ಲಿ ಯಾರು ಬೇಕಾದರೂ ತಮ್ಮ ಬ್ರೌಸರ್ ಪರೀಕ್ಷಿಸಬಹುದು. ನನ್ನ ಲ್ಯಾಪ್‌ಟಾಪ್‌ನಲ್ಲಿ ತೆರೆದು ಒಂದೊಂದೇ ಸಾಲು ಓದುತ್ತಾ ಹೋದೆ. ಭಾಷೆಯ ಸಾಲಿನಲ್ಲಿ ಕನ್ನಡ ಮೊದಲು, ಇಂಗ್ಲಿಷ್ ಆಮೇಲೆ. ಜಗತ್ತಿನ ಲೆಕ್ಕದಲ್ಲಿ ಹಾಗೆ ಇಟ್ಟುಕೊಂಡವರು ತೀರಾ ಕಡಿಮೆ. ನಿಮ್ಮ ಶಾಲೆಯ ಲ್ಯಾಪ್‌ಟಾಪ್‌ನಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡಲು ನುಡಿ, ಬರಹ ಖಂಡಿತ ಹಾಕಿರುತ್ತೀರಿ. ಅವುಗಳ ಜೊತೆ ಬರುವ ಫಾಂಟ್‌ಗಳು ಬೇರೆ ದೇಶದ ಯಾರ ಕಂಪ್ಯೂಟರಿನಲ್ಲಿ ಇದ್ದಾವು? ಒಂದು ಪದವನ್ನು ಬೇರೆ ಬೇರೆ ಫಾಂಟ್ ಹೆಸರಿನಲ್ಲಿ ಬರೆಸಿ, ಅದರ ಅಗಲ ಅಳೆದರೆ ಸಾಕು, ಆ ಫಾಂಟ್ ಇದೆಯೋ ಇಲ್ಲವೋ ಸೈಟಿಗೆ ಗೊತ್ತಾಗುತ್ತದೆ. ಕನ್ನಡ ಬಳಸಿದ್ದಕ್ಕೇ ನಾವು ಗುಂಪಿನಲ್ಲಿ ಎದ್ದು ಕಾಣುತ್ತೇವೆ. ಇದಕ್ಕಾಗಿ ಕನ್ನಡ ಬಿಡಿ ಅಂತ ನಾನು ಎಂದೂ ಹೇಳುವುದಿಲ್ಲ. ನಮ್ಮ ಭಾಷೆಯನ್ನು ಗುರುತಾಗಿ ಬಳಸಿಕೊಳ್ಳದಂತೆ ತಡೆಯುವ ಬ್ರೌಸರ್ ಇಟ್ಟುಕೊಳ್ಳಿ ಅನ್ನುತ್ತೇನೆ. ಫೈರ್‌ಫಾಕ್ಸ್‌ನ ಸ್ಟ್ರಿಕ್ಟ್‌ನಲ್ಲಿ ನೀವಾಗಿ ಹಾಕಿಕೊಂಡ ಫಾಂಟ್‌ಗಳ ಪಟ್ಟಿ ಸೈಟಿಗೆ ಪೂರ್ತಿ ಸಿಗುವುದಿಲ್ಲ. ಬ್ರೇವ್ ಬೇರೆ ಉಪಾಯ ಮಾಡುತ್ತದೆ, ಒಂದೊಂದು ಸೈಟಿಗೆ ಒಂದೊಂದು ರೀತಿ ಸಣ್ಣ ಬದಲಾವಣೆ ಮಾಡಿ ತೋರಿಸುತ್ತದೆ. ಹಳೆಯ ಕಾಲದ ಕನ್ನಡ ಸೈಟೊಂದರಲ್ಲಿ ಅಕ್ಷರ ಕೆಟ್ಟು ಕಂಡರೆ ವಿಳಾಸದ ಪಕ್ಕದ ಗುರಾಣಿ ಚಿತ್ರ ಒತ್ತಿ ಆ ಸೈಟಿಗೆ ಮಾತ್ರ ತಡೆ ತೆಗೆಯಿರಿ. ಎಲ್ಲದಕ್ಕೂ ತೆಗೆಯಬೇಡಿ.

ಫೋನಿಗೆ ಬರೋಣ. ಆಂಡ್ರಾಯ್ಡ್‌ನಲ್ಲಿ ಫೈರ್‌ಫಾಕ್ಸ್ ಹಾಕಿದರೂ ತಪ್ಪಿಲ್ಲ, ಅದರಲ್ಲೂ ಯುಬ್ಲಾಕ್ ಆರಿಜಿನ್ ನಡೆಯುತ್ತದೆ. ಆದರೂ ನಿಮಗೆ ಬ್ರೇವ್ ಅಂದೆ. ಜಾಹೀರಾತು ತಡೆ ಅದರೊಳಗೇ ಇದೆ, ಏನೂ ಸೇರಿಸಬೇಕಿಲ್ಲ. ಹಾಕಿದ ಕೂಡಲೇ ಕೆಲಸ ಮಾಡುತ್ತದೆ. ಕ್ರೋಮಿಯಂ ಆದ್ದರಿಂದ ಸೈಟುಗಳು ಮುಗ್ಗರಿಸುವುದು ಕಡಿಮೆ. ಇನ್ನೊಂದು ಕಾರಣ 2025ರ ಜೂನ್‌ನಲ್ಲಿ ಹೊರಬಿತ್ತು. ಆಂಡ್ರಾಯ್ಡ್ ಫೋನಿನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಆ್ಯಪ್‌ಗಳು ಫೋನಿನೊಳಗೇ ಒಂದು ಕಿಂಡಿ ತೆರೆದು ಕಾಯುತ್ತಿದ್ದವು. ನೀವು ಬ್ರೌಸರ್‌ನಲ್ಲಿ ಯಾವುದೋ ಸೈಟಿಗೆ ಹೋದರೆ ಆ ಸೈಟಿನಲ್ಲಿದ್ದ ಮೆಟಾದ ಕೋಡ್ ಆ ಕಿಂಡಿಯಲ್ಲಿ ಕೈ ಹಾಕಿ ನಿಮ್ಮ ಕುಕಿಯ ನಂಬರನ್ನು ಆ್ಯಪಿಗೆ ಕೊಡುತ್ತಿತ್ತು. ಆ್ಯಪಿನಲ್ಲಿ ನಿಮ್ಮ ಹೆಸರಿರುತ್ತದೆ. ಅಲ್ಲಿಗೆ ನೀವು ಯಾರು, ಯಾವ ಸೈಟಿಗೆ ಹೋದಿರಿ ಎರಡೂ ಜೋಡಿಯಾಯಿತು. ಇನ್‌ಕಾಗ್ನಿಟೋ ಹಾಕಿದರೂ, ಕುಕಿ ಅಳಿಸಿದರೂ ಪ್ರಯೋಜನ ಇರಲಿಲ್ಲ. ಯುರೋಪಿನ ಸಂಶೋಧಕರು ಬಯಲು ಮಾಡಿದ ದಿನವೇ ಮೆಟಾ ಅದನ್ನು ನಿಲ್ಲಿಸಿತು. ಬ್ರೇವ್ ಆ ಕಿಂಡಿಗೆ ಹೋಗುವ ದಾರಿಯನ್ನು ಮೊದಲೇ ಮುಚ್ಚಿಟ್ಟಿತ್ತು.

ಬ್ರೇವ್‌ನ ಕಪ್ಪುಚುಕ್ಕೆಯೂ ಗೊತ್ತಿರಲಿ. 2020ರ ಜೂನ್‌ನಲ್ಲಿ, ಬಳಸುವವರು ಒಂದು ಕ್ರಿಪ್ಟೋ ಸೈಟಿನ ವಿಳಾಸ ಟೈಪ್ ಮಾಡಿದರೆ ಬ್ರೌಸರ್ ತನ್ನ ಕಮಿಷನ್ ಕೋಡನ್ನು ಸೇರಿಸುತ್ತಿದ್ದದ್ದು ಪತ್ತೆಯಾಯಿತು. ಅದರ ಮುಖ್ಯಸ್ಥ ಬ್ರೆಂಡನ್ ಐಕ್ ತಪ್ಪಾಯಿತು ಎಂದು ಹೇಳಿ ಸರಿಪಡಿಸಿದರು. ಇವರು ಜಾವಾಸ್ಕ್ರಿಪ್ಟ್ ಭಾಷೆ ಮಾಡಿದವರು, ಮೊಜಿಲ್ಲಾ ಕಟ್ಟಿದವರಲ್ಲಿ ಒಬ್ಬರು. ಈಗಲೂ ಬ್ರೇವ್‌ನಲ್ಲಿ ರಿವಾರ್ಡ್ಸ್, ವ್ಯಾಲೆಟ್ ಅಂತ ಗುಂಡಿಗಳಿವೆ. ನಿಮಗೆ ಅವು ಬೇಡ. ಒತ್ತಬೇಡಿ, ಸೆಟ್ಟಿಂಗ್ಸ್‌ನಲ್ಲಿ ಮರೆ ಮಾಡಿಬಿಡಿ.

ಯಾವುದೇ ಬ್ರೌಸರ್ರನ್ನು ಫೋನಿಗಾದರೆ ಪ್ಲೇ ಸ್ಟೋರ್‌ನಿಂದ, ಲ್ಯಾಪ್‌ಟಾಪಿಗಾದರೆ ಅದರದ್ದೇ ಸೈಟಿನಿಂದ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿ ಮೇಲೆ ಬರುವ ಜಾಹೀರಾತನ್ನು ಒತ್ತಬೇಡಿ. 2021ರಲ್ಲಿ ಬ್ರೇವ್ ಹೆಸರಿನಲ್ಲೇ ನಕಲಿ ಸೈಟ್ ಮಾಡಿ ಜಾಹೀರಾತು ಹಾಕಿದ್ದರು. ವಿಳಾಸದ ಕೊನೆಯ ಇಂಗ್ಲಿಷ್ ಇ ಅಕ್ಷರದ ತಲೆ ಮೇಲೆ ಒಂದು ಸಣ್ಣ ಚುಕ್ಕೆ, ಅಷ್ಟೇ ವ್ಯತ್ಯಾಸ. ಸ್ಕ್ರೀನ್ ಮೇಲಿನ ಧೂಳು ಅಂತ ಕಾಣುವಷ್ಟು ಸಣ್ಣದು. ಇಳಿಸಿಕೊಂಡವರ ಕಂಪ್ಯೂಟರಿಗೆ ಬ್ರೌಸರ್ ಬದಲು ಕಳ್ಳ ಸಾಫ್ಟ್‌ವೇರ್ ಬಂತು.

ಐಫೋನಿನ ಮಾತು ಬೇರೆ. ಭಾರತದಲ್ಲಿ ಐಫೋನಿಗೆ ಯಾವ ಬ್ರೌಸರ್ ಹಾಕಿದರೂ ಒಳಗಿನ ಎಂಜಿನ್ ಆಪಲ್‌ನ ವೆಬ್‌ಕಿಟ್ಟೇ. ಹಾಗಾಗಿ ಸಫಾರಿ ಬಿಟ್ಟು ಓಡುವುದರಿಂದ ದೊಡ್ಡ ಲಾಭ ಇಲ್ಲ. ಸಫಾರಿಯ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್‌ಗೆ ಹೋಗಿ ಟ್ರ್ಯಾಕಿಂಗ್, ಫಿಂಗರ್‌ಪ್ರಿಂಟಿಂಗ್ ರಕ್ಷಣೆಯನ್ನು ಆಲ್ ಬ್ರೌಸಿಂಗ್‌ಗೆ ಇಡಿ. ಐಫೋನಿನ ಹಳೆಯ ಸಾಫ್ಟ್‌ವೇರ್‌ನಲ್ಲಿ ಮೊದಲೇ ಇರುವಂತೆ ಬಿಟ್ಟರೆ ಅದು ಪ್ರೈವೇಟ್ ಕಿಟಕಿಗೆ ಮಾತ್ರ. ಸರ್ಚ್ ಎಂಜಿನ್ ಬದಲಿಸಿ. ಫೋನಿನ ಪ್ರೈವಸಿ ಪುಟದಲ್ಲಿ ಟ್ರ್ಯಾಕಿಂಗ್ ಅಂತ ಇದೆ, ಆ್ಯಪ್‌ಗಳು ಅನುಮತಿ ಕೇಳುವುದನ್ನೇ ಅಲ್ಲಿ ಆಫ್ ಮಾಡಿ. ಯುಬ್ಲಾಕ್ ಆರಿಜಿನ್ ಲೈಟ್ ಈಗ ಸಫಾರಿಗೂ ಸಿಗುತ್ತದೆ, ಹಾಕಿಕೊಳ್ಳಲಿ.

ನಿಮ್ಮ ಫೋನಿನಲ್ಲಿ ಬ್ರೌಸರ್ ಆಚೆ ಮೂರು ಕೆಲಸ ಇದೆ. ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರಲ್ಲಿ ಆಡ್ಸ್, ಅಲ್ಲಿ ಡಿಲೀಟ್ ಅಡ್ವರ್ಟೈಸಿಂಗ್ ಐಡಿ ಅಂತ ಇರುತ್ತದೆ, ಒತ್ತಿ. ಗೂಗಲ್ ಅಕೌಂಟಿನಲ್ಲಿ ವೆಬ್ ಅಂಡ್ ಆ್ಯಪ್ ಆ್ಯಕ್ಟಿವಿಟಿ ನಿಲ್ಲಿಸಿ, ಹಳೆಯದನ್ನು ಅಳಿಸಿ. ಮೂರನೆಯದು, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಒಳಗೆ ಬಂದ ಲಿಂಕ್ ಒತ್ತಿದರೆ ಅದು ಬ್ರೇವ್‌ನಲ್ಲಿ ತೆರೆಯುವುದಿಲ್ಲ, ಆ ಆ್ಯಪಿನೊಳಗಿನ ಬ್ರೌಸರ್‌ನಲ್ಲೇ ತೆರೆಯುತ್ತದೆ. ಮೂಲೆಯ ಮೂರು ಚುಕ್ಕಿ ಒತ್ತಿ ಹೊರಗಿನ ಬ್ರೌಸರ್‌ನಲ್ಲಿ ತೆರೆಯುವ ಅಭ್ಯಾಸ ಮಾಡಿಕೊಳ್ಳಿ.

ಟಾರ್ ಬಗ್ಗೆ ನಿಮ್ಮ ಸಹೋದ್ಯೋಗಿ ಹೇಳಿದ್ದು ಸುಳ್ಳಲ್ಲ. ಗುರುತು ಮುಚ್ಚಿಡುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ನಿಮ್ಮ ಮಾತು ಮೂರು ಬೇರೆ ಬೇರೆ ಕಂಪ್ಯೂಟರುಗಳನ್ನು ದಾಟಿ ಹೋಗುತ್ತದೆ. ಮೊದಲನೆಯದಕ್ಕೆ ನೀವು ಯಾರು ಅಂತ ಗೊತ್ತು, ಎಲ್ಲಿಗೆ ಹೊರಟಿದ್ದೀರಿ ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆ ಅಂತ ಗೊತ್ತು, ಯಾರು ಗೊತ್ತಿಲ್ಲ. ಪತ್ರಕರ್ತರಿಗೆ, ಜೀವಭಯ ಇರುವವರಿಗೆ ಅದು ಬೇಕು. ಆದರೆ ನಿಧಾನ. ಅದರಲ್ಲಿ ಬ್ಯಾಂಕ್ ತೆರೆದರೆ ಯಾವುದೋ ದೇಶದಿಂದ ಬಂದ ಹಾಗೆ ಕಂಡು ಬ್ಯಾಂಕು ಅಕೌಂಟ್ ತಡೆಹಿಡಿಯಬಹುದು. ಕಾಯಿಲೆಯ ವಿಷಯ ತೀರಾ ಗುಟ್ಟಾಗಿ ಓದಬೇಕು ಅನ್ನಿಸಿದ ದಿನ ಲ್ಯಾಪ್‌ಟಾಪ್‌ನಲ್ಲಿ ತೆರೆಯಿರಿ, ಲಾಗಿನ್ ಮಾತ್ರ ಬೇಡ. ಟಾರ್ ತಂಡವೇ ಸೇರಿ 2023ರಲ್ಲಿ ಮಾಡಿದ ಮುಲ್ವಾಡ್ ಬ್ರೌಸರ್ ಕೂಡ ಒಳ್ಳೆಯದು. ಅದು ಲ್ಯಾಪ್‌ಟಾಪಿಗೆ ಮಾತ್ರ.

ಉಳಿದವನ್ನು ಬೇಗ ಮುಗಿಸುತ್ತೇನೆ. ಎಡ್ಜ್ ಮೈಕ್ರೋಸಾಫ್ಟ್‌ನದ್ದು, ಖಾಸಗಿತನಕ್ಕೆ ಅಂತ ಅದನ್ನು ಆರಿಸಬೇಕಿಲ್ಲ. ಒಪೇರಾದ ಬ್ರೌಸರ್ ವ್ಯವಹಾರವನ್ನು 2016ರಲ್ಲಿ ಚೀನಾದ ಹೂಡಿಕೆದಾರರು ಕೊಂಡರು. ಅದರಲ್ಲಿ ಬರುವ, ನಿಮ್ಮ ಐಪಿ ವಿಳಾಸ ಮರೆ ಮಾಡುವ ಉಚಿತ ವಿಪಿಎನ್ ನೋಡಿ ಮರುಳಾಗಬೇಡಿ. ಡಕ್‌ಡಕ್‌ಗೋ ಬ್ರೌಸರ್ ಸರಳ, ವಯಸ್ಸಾದವರಿಗೆ ಚೆನ್ನ. 2022ರಲ್ಲಿ ಅದು ಮೈಕ್ರೋಸಾಫ್ಟ್‌ನ ಕೆಲವು ಟ್ರ್ಯಾಕರ್‌ಗಳನ್ನು ಬಿಟ್ಟಿದ್ದು ಬಯಲಾಗಿ ಆಮೇಲೆ ತಿದ್ದಿಕೊಂಡಿತು. ಯುಸಿ ಬ್ರೌಸರ್ ಹಳೆಯ ಫೋನಿನಲ್ಲಿ ಇನ್ನೂ ಉಳಿದಿದ್ದರೆ ಇವತ್ತೇ ತೆಗೆಯಿರಿ. ಸರ್ಕಾರ 2020ರ ಜೂನ್‌ನಲ್ಲಿ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು.

"ಮುಚ್ಚಿಡೋಕೆ ಏನಿದೆ" ಅನ್ನುವವರಿಗೆ ಒಂದು ಮಾತು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಅರ್ಜಿ ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕುವಾಗ ಅವರಿಗೆ ಎಂಬತ್ತು ದಾಟಿತ್ತು. ನಿಮ್ಮ ಅಮ್ಮನ ಕಾಯಿಲೆ ಕ್ಲಾಸಿನ ಮಕ್ಕಳಿಗೆ ಗೊತ್ತಾಗಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರು ನೀವು ಮತ್ತು ನಿಮ್ಮ ಅಮ್ಮ. ಜಾಹೀರಾತು ಕಂಪನಿ ಅಲ್ಲ.

ಅಮ್ಮನ ಹತ್ತಿರ ಸ್ಮಾರ್ಟ್‌ಫೋನ್ ಇದ್ದರೆ ಅದನ್ನೂ ಒಮ್ಮೆ ನೋಡಿ. ನಮ್ಮ ಚಿಕ್ಕಮ್ಮನ ಫೋನ್ ದಿನವಿಡೀ ಟಿಣ್ ಟಿಣ್ ಅನ್ನುತ್ತಿತ್ತು. "ನಿಮ್ಮ ಫೋನಿಗೆ ವೈರಸ್ ಬಂದಿದೆ", "ಸಕ್ಕರೆ ಕಾಯಿಲೆಗೆ ಒಂದೇ ಎಲೆ ಸಾಕು" ಅಂತ ನೋಟಿಫಿಕೇಶನ್. ಅವರು ಎಲೆ ಹುಡುಕಲು ಪಕ್ಕದ ಮನೆಯವರಿಗೂ ಹೇಳಿದ್ದರು. ನೋಡಿದರೆ ಯಾವ್ಯಾವುದೋ ಸೈಟ್ ತೆರೆದಾಗ ಬಂದ "ಅಲೋ" ಗುಂಡಿಯನ್ನೆಲ್ಲ ಒತ್ತಿದ್ದಾರೆ, 31 ಸೈಟಿಗೆ ಅನುಮತಿ ಹೋಗಿದೆ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಆಫ್ ಮಾಡಿದೆ, ಬ್ರೇವ್ ಹಾಕಿ ಅಲ್ಲೂ ಆಫ್ ಮಾಡಿದೆ. ಫೋನ್ ಸುಮ್ಮನಾಯಿತು. ಕಾಯಿಲೆ ಇರುವವರಿಗೆ ಬ್ರೌಸರ್ ಬದಲಿಸಿಕೊಡುವುದು ಎಷ್ಟು ಮುಖ್ಯ ಅಂತ ಅವತ್ತು ನನಗೆ ಅರ್ಥವಾಯಿತು. ಅಂಥ ಸೈಟುಗಳು ಮಾತ್ರೆ ಬಿಡಿಸಿಬಿಡುತ್ತವೆ.

ಕೊನೆಗೆ, ಹಳೆಯ ಬ್ರೌಸರ್‌ನಿಂದ ಬುಕ್‌ಮಾರ್ಕ್ ತರುವುದು ಸುಲಭ, ಫೈರ್‌ಫಾಕ್ಸ್ ತಾನೇ ಕೇಳುತ್ತದೆ. ಪಾಸ್‌ವರ್ಡ್ ತರಬೇಡಿ. ಓಡಾಟದ ಬ್ರೌಸರ್‌ನಲ್ಲಿ ಲಾಗಿನ್ ಇಲ್ಲವಲ್ಲ, ಅವು ಅಲ್ಲಿ ಬೇಕಾಗುವುದಿಲ್ಲ. ಈಗಾಗಲೇ ನಿಮ್ಮ ತಮ್ಮನ ಮಾತು ಕೇಳಿ ಕ್ರೋಮ್‌ನಿಂದ ಪಾಸ್‌ವರ್ಡ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿದ್ದರೆ ಡೌನ್‌ಲೋಡ್ಸ್‌ನಲ್ಲಿ ಒಂದು ಸಿಎಸ್‌ವಿ ಫೈಲ್ ಕೂತಿರುತ್ತದೆ. ಅದನ್ನು ತೆರೆದರೆ ನಿಮ್ಮ ಎಲ್ಲ ಪಾಸ್‌ವರ್ಡೂ ಯಾರು ಬೇಕಾದರೂ ಓದುವ ಹಾಗೆ ಇರುತ್ತದೆ, ಮತ್ತು ಅದೇ ಲ್ಯಾಪ್‌ಟಾಪನ್ನು ನೀವು ಕ್ಲಾಸಿನಲ್ಲಿ ಪ್ರೊಜೆಕ್ಟರ್‌ಗೆ ಹಾಕುತ್ತೀರಿ. ಇವತ್ತೇ ಅಳಿಸಿ, ರೀಸೈಕಲ್ ಬಿನ್‌ನಿಂದಲೂ.